ಮಕ್ಕಳು ಮತ್ತು ಕುಟುಂಬಗಳ ಜೊತೆ ದುಡಿಯುವ ಸಂಸ್ಥೆ ತನ್ನ ಮೌಲ್ಯಗಳನ್ನು ಬರೆದುಕೊಳ್ಳುವುದು ಹೇಗೆ

ಮಕ್ಕಳಿಗಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಕಚೇರಿಗೆ ಕಾಲಿಟ್ಟರೆ ಗೋಡೆಯ ಮೇಲೆ ಐದಾರು ಪದಗಳು ಕಣ್ಣಿಗೆ ಬೀಳುತ್ತವೆ: ಪ್ರೀತಿ, ಕರುಣೆ, ಸಮಾನತೆ, ಪಾರದರ್ಶಕತೆ, ಬದ್ಧತೆ. ಈ ಪದಗಳನ್ನು ಯಾರೂ ಅಲ್ಲಗಳೆಯಲಾರರು. ಅವುಗಳ ತೊಂದರೆ ಇರುವುದೂ ಅಲ್ಲಿಯೇ. ಯಾರೂ ಅಲ್ಲಗಳೆಯಲಾರದ ಪದ ಯಾವ ನಿರ್ಧಾರಕ್ಕೂ ನೆರವಾಗುವುದಿಲ್ಲ. ಕಚೇರಿ ಮುಚ್ಚುವ ಹೊತ್ತಿಗೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಂದು ‘ನಾನು ಇವತ್ತು ಮನೆಗೆ ಹೋಗುವುದಿಲ್ಲ, ಯಾಕೆಂದು ಹೇಳುತ್ತೇನೆ, ಆದರೆ ಅಮ್ಮನಿಗೆ ಹೇಳಬೇಡಿ’ ಎಂದಾಗ, ಆಗ ತಾನೇ ಕೆಲಸಕ್ಕೆ ಸೇರಿದ ಕಾರ್ಯಕರ್ತೆಗೆ ‘ಬದ್ಧತೆ’ ಎಂಬ ಪದದಿಂದ ಏನು ತಿಳಿಯಬೇಕು? ಮಗುವಿನ ಗುಟ್ಟು ಕಾಪಾಡುವುದೂ ಒಳ್ಳೆಯದೇ, ತಾಯಿಯ ಸ್ಥಾನವನ್ನು ಗೌರವಿಸುವುದೂ ಒಳ್ಳೆಯದೇ, ಮಗುವನ್ನು ಅಪಾಯದಿಂದ ದೂರವಿಡುವುದೂ ಒಳ್ಳೆಯದೇ. ಈ ಮೂರೂ ಒಟ್ಟಿಗೆ ಎದುರಾದಾಗ ಯಾವುದನ್ನು ಮೊದಲು ಹಿಡಿಯಬೇಕು, ಅದಕ್ಕಾಗಿ ಯಾವುದನ್ನು ಬಿಡಬೇಕು ಎಂದು ಹೇಳುವ ವಾಕ್ಯವನ್ನೇ ನಾನು ಮೌಲ್ಯ ಎಂದು ಕರೆಯುತ್ತೇನೆ. ಅಂಥ ವಾಕ್ಯಗಳನ್ನು ಒಂದು ಸಂಸ್ಥೆ ಹೇಗೆ ಕಂಡುಕೊಳ್ಳಬೇಕು, ಹೇಗೆ ಬರೆಯಬೇಕು, ಬರೆದ ಮೇಲೆ ಹೇಗೆ ಬಳಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಹಳೆಯ ಕಡತಗಳಿಂದ ಆರಂಭಿಸಿ

ಮೌಲ್ಯಗಳನ್ನು ಬರೆಯುವ ಸಭೆಯನ್ನು ಖಾಲಿ ಹಾಳೆಯಿಂದ ಆರಂಭಿಸಬೇಡಿ. ಖಾಲಿ ಹಾಳೆ ಎದುರಿಗಿದ್ದರೆ ಎಲ್ಲರೂ ಗೋಡೆಯ ಮೇಲಿನ ಪದಗಳನ್ನೇ ಮತ್ತೆ ಹೇಳುತ್ತಾರೆ. ಅದಕ್ಕೆ ಬದಲಾಗಿ, ಕಳೆದ ಎರಡು ವರ್ಷಗಳಲ್ಲಿ ಸಂಸ್ಥೆಯವರ ನಿದ್ದೆ ಕೆಡಿಸಿದ ಹತ್ತು ಹದಿನೈದು ನಿರ್ಧಾರಗಳನ್ನು ಕಡತಗಳಿಂದ ಹೊರತೆಗೆಯಿರಿ. ಹೆಸರು, ಊರು, ಗುರುತು ಯಾವುದೂ ಉಳಿಯದಂತೆ ಒಂದೊಂದು ಪ್ರಕರಣವನ್ನು ಐದಾರು ಸಾಲುಗಳಲ್ಲಿ ಬರೆದುಕೊಳ್ಳಿ. ಕುಡಿತಕ್ಕೆ ಬಿದ್ದಿದ್ದರೂ ಮಗನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ತಂದೆಯ ಬಳಿಗೆ ಆ ಹುಡುಗನನ್ನು ಮರಳಿ ಕಳುಹಿಸಿದ್ದು. ದೊಡ್ಡ ಮೊತ್ತ ಕೊಡುತ್ತೇನೆಂದ ದಾನಿಯೊಬ್ಬರು ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳಲು ಕೇಳಿದ್ದು. ನೆರವು ಪಡೆಯುತ್ತಿದ್ದ ತಾಯಿ ಸುಳ್ಳು ಹೇಳಿದ್ದು ಗೊತ್ತಾದ ಮೇಲೆ ನೆರವು ಮುಂದುವರಿಸಬೇಕೇ ಬೇಡವೇ ಎಂದು ವಾದ ನಡೆದದ್ದು. ಇಂಥವೇ ನಿಮಗೆ ಬೇಕಾದ ಸಾಮಗ್ರಿ.

ಒಂದೊಂದು ಪ್ರಕರಣಕ್ಕೂ ಎರಡು ಪ್ರಶ್ನೆಗಳನ್ನು ಹಾಕಿ. ಅಂದು ನಾವು ಯಾರ ಅನುಕೂಲವನ್ನು ಮೊದಲು ನೋಡಿದೆವು? ಅದೇ ಪ್ರಕರಣ ನಾಳೆ ಮತ್ತೆ ಬಂದರೆ ಅದೇ ನಿರ್ಧಾರವನ್ನು ಧೈರ್ಯವಾಗಿ ತೆಗೆದುಕೊಳ್ಳುತ್ತೇವೆಯೇ? ಮೊದಲ ಪ್ರಶ್ನೆಗೆ ಸಿಗುವ ಉತ್ತರಗಳು ಸಂಸ್ಥೆ ಈಗ ನಿಜವಾಗಿ ಯಾವ ಮೌಲ್ಯಗಳ ಮೇಲೆ ನಡೆಯುತ್ತಿದೆ ಎಂಬುದನ್ನು ತೋರಿಸುತ್ತವೆ, ಎರಡನೆಯದಕ್ಕೆ ಸಿಗುವ ಉತ್ತರಗಳು ಯಾವ ಮೌಲ್ಯಗಳ ಮೇಲೆ ನಡೆಯಬೇಕೆಂದು ಅದು ಬಯಸುತ್ತದೆ ಎಂಬುದನ್ನು. ಈ ಎರಡರ ನಡುವಿನ ಅಂತರವನ್ನು ಮುಚ್ಚಿಡದೆ ನೋಡುವುದು ಸುಲಭವಲ್ಲ. ಆಡಳಿತ ಮಂಡಳಿಯ ಹಿರಿಯರು ಎದುರಿಗೆ ಕುಳಿತಿರುವಾಗ ಕ್ಷೇತ್ರದಲ್ಲಿ ಓಡಾಡುವ ಕಿರಿಯ ಕಾರ್ಯಕರ್ತರು ಬಾಯಿ ಬಿಡುವುದಿಲ್ಲ. ಆದ್ದರಿಂದ ಮೊದಲ ಸುತ್ತಿನಲ್ಲಿ ಅವರು ಮಾತ್ರ ಪ್ರತ್ಯೇಕವಾಗಿ ಕೂರಲಿ, ಅವರು ಬರೆದದ್ದನ್ನು ಸಂಸ್ಥೆಗೆ ಸೇರದ ಒಬ್ಬರು ಮಂಡಳಿಯ ಮುಂದೆ ಓದಲಿ.

ಈಗಷ್ಟೇ ಆರಂಭವಾಗುತ್ತಿರುವ ಸಂಸ್ಥೆಯ ಬಳಿ ಹಳೆಯ ಕಡತಗಳಿರುವುದಿಲ್ಲ. ಅಂಥವರು ಇದೇ ಕ್ಷೇತ್ರದಲ್ಲಿ ಹತ್ತಾರು ವರ್ಷ ದುಡಿದವರನ್ನು ಕರೆದು, ಅವರ ಕೈ ನಡುಗಿಸಿದ ನಿರ್ಧಾರಗಳು ಯಾವುವು ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಕಾಲೂರಲು ಒಂದು ನೆಲ

ಎಲ್ಲವನ್ನೂ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. 1919ರಲ್ಲಿ ಬ್ರಿಟನ್ನಿನಲ್ಲಿ ಸೇವ್ ದಿ ಚಿಲ್ಡ್ರನ್ ಸಂಸ್ಥೆಯನ್ನು ಸೋದರಿಯ ಜೊತೆಗೂಡಿ ಕಟ್ಟಿದ ಎಗ್ಲಾಂಟೈನ್ ಜೆಬ್ ಅವರು ಮಕ್ಕಳ ಹಕ್ಕುಗಳ ಕುರಿತು ಐದು ಅಂಶಗಳ ಒಂದು ಚಿಕ್ಕ ಘೋಷಣೆಯನ್ನು ಬರೆದರು. 1924ರಲ್ಲಿ, ವಿಶ್ವಸಂಸ್ಥೆಗಿಂತ ಮೊದಲು ಇದ್ದ ರಾಷ್ಟ್ರಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್ ಅದನ್ನು ಅಂಗೀಕರಿಸಿತು. ಹಸಿದ ಮಗುವಿಗೆ ಊಟ, ರೋಗಿಯಾದ ಮಗುವಿಗೆ ಆರೈಕೆ, ದಿಕ್ಕಿಲ್ಲದ ಮಗುವಿಗೆ ಆಸರೆ ಕೊಡಬೇಕು ಎಂಬ ಧಾಟಿಯ ಆ ಘೋಷಣೆಯಲ್ಲಿ ಹಿರಿಯರು ಕೊಡುವವರು, ಮಗು ಪಡೆಯುವುದು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, 54 ವಿಧಿಗಳ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹೊತ್ತಿಗೆ ವಾಕ್ಯದ ಕರ್ತೃವೇ ಬದಲಾಗಿತ್ತು: ಅಲ್ಲಿ ಮಗು ಹಕ್ಕುಳ್ಳ ವ್ಯಕ್ತಿ. ಅಮೆರಿಕ ಸಂಯುಕ್ತ ಸಂಸ್ಥಾನವೊಂದನ್ನು ಬಿಟ್ಟು ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಈ ಒಡಂಬಡಿಕೆಗೆ ಬದ್ಧವಾಗಿವೆ.

ಈ ಬದಲಾವಣೆಯನ್ನು ನಿಮ್ಮ ಮೌಲ್ಯಗಳ ಕರಡು ಬರಹಕ್ಕೂ ಅನ್ವಯಿಸಿ ನೋಡಿ. ‘ನಾವು ಮಕ್ಕಳಿಗೆ ಶಿಕ್ಷಣದ ಬೆಳಕು ಕೊಡುತ್ತೇವೆ’ ಎಂಬಂಥ ವಾಕ್ಯ ಬಂದ ಕಡೆಯೆಲ್ಲ, ‘ಕಲಿಯುವುದು ಮಗುವಿನ ಹಕ್ಕು, ಅದಕ್ಕೆ ಅಡ್ಡ ಬಂದದ್ದನ್ನು ತೆಗೆಯುವುದು ನಮ್ಮ ಕೆಲಸ’ ಎಂದು ತಿರುಗಿಸಿ ಬರೆಯಿರಿ. ಮೊದಲ ವಾಕ್ಯದಲ್ಲಿ ಮಗು ಕೃತಜ್ಞವಾಗಿರಬೇಕು. ಎರಡನೆಯದರಲ್ಲಿ ಸಂಸ್ಥೆ ಲೆಕ್ಕ ಒಪ್ಪಿಸಬೇಕು.

ಒಡಂಬಡಿಕೆಯ ನಾಲ್ಕು ವಿಧಿಗಳನ್ನು ಅದರ ಜಾರಿಯನ್ನು ಗಮನಿಸುವ ಸಮಿತಿ ಸಾಮಾನ್ಯ ತತ್ವಗಳೆಂದು ಗುರುತಿಸಿದೆ: ತಾರತಮ್ಯ ಸಲ್ಲದು ಎನ್ನುವ 2ನೆಯ ವಿಧಿ, ಮಗುವಿನ ಹಿತವೇ ಪ್ರಮುಖ ಪರಿಗಣನೆಯಾಗಬೇಕು ಎನ್ನುವ 3ನೆಯದು, ಬದುಕು ಮತ್ತು ಬೆಳವಣಿಗೆಯ ಹಕ್ಕನ್ನು ಹೇಳುವ 6ನೆಯದು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯಕ್ಕೆ ಅದರ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಸಿಗಬೇಕು ಎನ್ನುವ 12ನೆಯದು. ನಿಮ್ಮ ಮೌಲ್ಯಗಳು ಈ ನಾಲ್ಕರ ಪ್ರತಿಯಾಗಬೇಕಿಲ್ಲ, ಆದರೆ ಯಾವುದಕ್ಕೂ ವಿರುದ್ಧವಾಗಿರಬಾರದು. 2013ರಲ್ಲಿ ಇದೇ ಸಮಿತಿ ‘ಮಗುವಿನ ಹಿತ’ ಎಂಬ ಮಾತನ್ನು ವಿವರಿಸುವಾಗ, ಅದು ಒಂದು ಹಕ್ಕು, ಕಾನೂನನ್ನು ಅರ್ಥೈಸುವ ತತ್ವ ಮತ್ತು ಅನುಸರಿಸಬೇಕಾದ ಕಾರ್ಯವಿಧಾನ, ಈ ಮೂರೂ ಹೌದು ಎಂದಿತು. ಸಂಸ್ಥೆಗಳು ಮರೆಯುವುದು ಮೂರನೆಯದನ್ನು. ಮಗುವಿನ ಹಿತಕ್ಕಾಗಿಯೇ ಹೀಗೆ ಮಾಡಿದೆವು ಎಂದು ಹೇಳಿದರೆ ಸಾಲದು. ಯಾವ ಯಾವ ದಾರಿಗಳನ್ನು ತೂಗಿ ನೋಡಿದೆವು, ಮಗು ಏನು ಹೇಳಿತು, ಯಾವ ಕಾರಣಕ್ಕೆ ಈ ದಾರಿ ಹಿಡಿದೆವು ಎಂಬುದು ಕಡತದಲ್ಲಿ ಬರಹರೂಪದಲ್ಲಿ ಇರಬೇಕು.

ಕುಟುಂಬವನ್ನು ಎಲ್ಲಿಡುತ್ತೀರಿ

ಮಕ್ಕಳ ಸಂಸ್ಥೆಯೊಂದರ ಮೌಲ್ಯಗಳಲ್ಲಿ ಅತ್ಯಂತ ಕಷ್ಟದ ವಾಕ್ಯ ಇದು. ಹೆಚ್ಚು ಸಮಯವನ್ನು ಇದಕ್ಕೇ ಕೊಡಿ.

ಮಕ್ಕಳ ಬಗ್ಗೆ ಕಾಳಜಿಯುಳ್ಳವರಿಗೆ ಸಹಜವಾಗಿ ಬರುವ ಮೊದಲ ಯೋಚನೆಯೆಂದರೆ ಕಷ್ಟದ ಮನೆಯಿಂದ ಮಗುವನ್ನು ತಂದು ಒಳ್ಳೆಯ ಕಟ್ಟಡದಲ್ಲಿ ಇಟ್ಟು, ಊಟ, ಬಟ್ಟೆ, ಪಾಠಗಳನ್ನು ಚೆನ್ನಾಗಿ ಒದಗಿಸುವುದು. ಈ ಯೋಚನೆಯ ಹಿಂದಿರುವ ಮನಸ್ಸು ಒಳ್ಳೆಯದೇ. ಆದರೆ ಪುಟ್ಟ ಮಕ್ಕಳಿಗೆ ಕಟ್ಟಡ ಕೊಡಲಾಗದ ಒಂದು ಸಂಗತಿ ಇದೆ: ದಿನವೂ ಅದೇ ಮುಖ, ಅಳುವಾಗ ಬರುವ ಅದೇ ಕೈ. 2000ನೆಯ ಇಸವಿಯಲ್ಲಿ ರೊಮೇನಿಯಾದ ಬುಕಾರೆಸ್ಟ್ ನಗರದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅದಕ್ಕಾಗಿಯೇ ಸಿದ್ಧಪಡಿಸಿದ ಸಾಕು ಕುಟುಂಬಗಳಿಗೆ ಒಪ್ಪಿಸಲಾಯಿತು. ವರ್ಷಗಳ ಕಾಲ ನಡೆದ ಹೋಲಿಕೆಯಲ್ಲಿ ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆಯೂ ಬಾಂಧವ್ಯ ಬೆಳೆಸಿಕೊಳ್ಳುವ ಶಕ್ತಿಯೂ ಉತ್ತಮವಾಗಿದ್ದವು. ಎಷ್ಟು ಎಳೆಯ ವಯಸ್ಸಿನಲ್ಲಿ ಹೋದರೋ ಅಷ್ಟು ಹೆಚ್ಚು ಚೇತರಿಕೆ ಕಂಡಿತು.

2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿಕೊಂಡ ಪರ್ಯಾಯ ಪಾಲನೆಯ, ಅಂದರೆ ತಂದೆತಾಯಿಯ ಬದಲು ಬೇರೆಯವರು ಮಗುವನ್ನು ನೋಡಿಕೊಳ್ಳುವುದರ, ಮಾರ್ಗಸೂಚಿಗಳು ಈ ವಿಷಯದಲ್ಲಿ ಖಚಿತವಾಗಿ ಮಾತಾಡುತ್ತವೆ. ಬಡತನವೊಂದೇ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸಬಾರದು. ಬಡತನವನ್ನು ಆ ಕುಟುಂಬಕ್ಕೆ ನೆರವು ಬೇಕಿದೆ ಎನ್ನುವ ಸೂಚನೆಯಾಗಿ ಕಾಣಬೇಕು. ಬೇರ್ಪಡಿಸುವುದು ಕೊನೆಯ ದಾರಿಯಾಗಬೇಕು, ಸಾಧ್ಯವಾದಷ್ಟೂ ಕಡಿಮೆ ಅವಧಿಯದ್ದಾಗಬೇಕು. ಇದನ್ನು ನಿಮ್ಮ ಸಂಸ್ಥೆಯ ಮೌಲ್ಯವಾಗಿ ಬರೆಯುವಾಗ ಅದರ ಬೆಲೆಯನ್ನೂ ಸೇರಿಸಿ ಬರೆಯಬೇಕು. ನಾನು ಸೂಚಿಸುವ ಕರಡು ಇದು: ‘ಹಣದ ಕೊರತೆಯ ಕಾರಣಕ್ಕೆ ಯಾವ ಮಗುವನ್ನೂ ಮನೆಯಿಂದ ದೂರವಿಡಲು ನಾವು ನೆರವಾಗುವುದಿಲ್ಲ. ಮಗುವನ್ನು ನಮ್ಮಲ್ಲಿ ಇಟ್ಟುಕೊಳ್ಳಲು ತಗಲುವ ಹಣವನ್ನು ಮೊದಲು ಅದೇ ಮನೆಗೆ ನೆರವಾಗಿ ಕೊಟ್ಟು ನೋಡುತ್ತೇವೆ. ಇದರಿಂದ ನಮ್ಮ ನಿಲಯದಲ್ಲಿರುವ ಮಕ್ಕಳ ಸಂಖ್ಯೆ ಕಡಿಮೆಯಾದರೆ ಅದನ್ನು ಸಾಧನೆ ಎಂದೇ ವರದಿಯಲ್ಲಿ ಬರೆಯುತ್ತೇವೆ.’ ಕೊನೆಯ ವಾಕ್ಯ ಇಲ್ಲದಿದ್ದರೆ ಮೊದಲ ಎರಡು ವಾಕ್ಯಗಳು ಬಹಳ ದಿನ ಬಾಳುವುದಿಲ್ಲ, ಏಕೆಂದರೆ ಹಾಸಿಗೆಗಳ ಸಂಖ್ಯೆಯನ್ನು ನೋಡಿ ಹಣ ಕೊಡುವವರು ಎಲ್ಲೆಡೆ ಇದ್ದಾರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ಎಲ್ಲ ಮನೆಗಳೂ ಮಕ್ಕಳಿಗೆ ಸುರಕ್ಷಿತವಲ್ಲ. ಒಡಂಬಡಿಕೆಯ 9ನೆಯ ವಿಧಿ ತಂದೆತಾಯಿಯಿಂದ ಮಗುವನ್ನು ಅಗಲಿಸಬಾರದು ಎನ್ನುತ್ತಲೇ, ಹಿಂಸೆ ಅಥವಾ ನಿರ್ಲಕ್ಷ್ಯದಂಥ ಸಂದರ್ಭಗಳಲ್ಲಿ ಅಧಿಕಾರವುಳ್ಳವರು ಕಾನೂನಿನ ಪ್ರಕಾರ ಹಾಗೆ ನಿರ್ಧರಿಸಬಹುದು ಎಂದೂ ಹೇಳುತ್ತದೆ. ಕುಟುಂಬ ಮುಖ್ಯ ಎಂಬ ಮೌಲ್ಯ ಹೊಡೆತ ತಿನ್ನುವ ಮಗುವಿನ ಬಾಯಿ ಮುಚ್ಚಿಸುವ ಮಾತಾಗಬಾರದು. ಆದ್ದರಿಂದ ಕಾರ್ಯಕರ್ತರಿಗೆ ಪ್ರಶ್ನೆಗಳ ಕ್ರಮವೊಂದನ್ನು ಬರೆದು ಕೊಡಿ. ಮಗು ಇಂದು ರಾತ್ರಿ ಈ ಮನೆಯಲ್ಲಿ ಸುರಕ್ಷಿತವೇ ಎಂಬುದು ಮೊದಲ ಪ್ರಶ್ನೆ. ಅಲ್ಲ ಎಂದಾದರೆ ಉಳಿದ ಯಾವ ಚರ್ಚೆಯೂ ಆಗ ಬೇಡ, ರಕ್ಷಣೆಯ ಕ್ರಮ ಆರಂಭವಾಗಬೇಕು. ಹೌದು ಎಂದಾದರೆ, ಯಾವ ನೆರವು ಸಿಕ್ಕರೆ ಈ ಮನೆ ಆರು ತಿಂಗಳ ನಂತರವೂ ಸುರಕ್ಷಿತವಾಗಿರುತ್ತದೆ ಎಂದು ಕೇಳಬೇಕು. ತಂದೆತಾಯಿಯಿಂದ ಸಾಧ್ಯವೇ ಇಲ್ಲವೆಂದಾದಾಗ ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಹೀಗೆ ಮಗು ಬಲ್ಲ ಬಂಧುಗಳಲ್ಲಿ ಯಾರಿದ್ದಾರೆ ಎಂದು ಹುಡುಕಬೇಕು. ಸಂಸ್ಥೆಯ ಬಾಗಿಲು ಅದೆಲ್ಲದರ ನಂತರ. ಒಡಹುಟ್ಟಿದವರನ್ನು ಬೇರೆ ಬೇರೆ ಕಡೆ ಇಡಲೇಬೇಕಾಗಿ ಬಂದರೆ ಅದಕ್ಕೆ ಕಾರಣ ಬರೆಯುವುದು ಕಡ್ಡಾಯವಾಗಲಿ.

ನಾವು ಬಳಸುವ ಪದಗಳು

ಮೌಲ್ಯಗಳ ಕರಡು ಸಿದ್ಧವಾದ ಮೇಲೆ ಸಂಸ್ಥೆಯ ಅರ್ಜಿ ನಮೂನೆ, ವಾರ್ಷಿಕ ವರದಿ, ದಾನಿಗಳಿಗೆ ಬರೆದ ಪತ್ರಗಳನ್ನು ಅದರ ಪಕ್ಕದಲ್ಲಿಟ್ಟು ಓದಿ. ಎರಡರ ಭಾಷೆ ಬೇರೆ ಬೇರೆಯಾಗಿ ಕಂಡರೆ ಅಚ್ಚರಿಯಿಲ್ಲ. ‘ಫಲಾನುಭವಿ’ ಎಂಬ ಪದ ಎಷ್ಟು ಬಳಕೆಗೆ ಬಂದಿದೆಯೆಂದರೆ ಅದರಲ್ಲಿ ತಪ್ಪೇನಿದೆ ಎಂದು ಹಲವರು ಕೇಳುತ್ತಾರೆ. ಆ ಪದದೊಳಗಿನ ವ್ಯಕ್ತಿ ಏನನ್ನೂ ಮಾಡುವುದಿಲ್ಲ, ಇನ್ನೊಬ್ಬರು ಬೆಳೆದ ಫಲವನ್ನು ಅನುಭವಿಸುತ್ತಾಳೆ ಅಷ್ಟೆ. ಮೂರು ಮನೆಗಳಲ್ಲಿ ದುಡಿದು ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿಗೆ ಅದು ಒಪ್ಪುವುದಿಲ್ಲ. ‘ನಮ್ಮ ಜೊತೆಗಿರುವ ಕುಟುಂಬ’ ಎಂದರೆ ಸಾಕು. ತಾಯಿ ಬದುಕಿರುವ ಮಗುವನ್ನು ‘ಅನಾಥ’ ಎಂದು ಕರೆದರೆ ಅದು ಸುಳ್ಳಾಗುತ್ತದೆ, ಜೊತೆಗೆ ಆ ತಾಯಿಯನ್ನು ಇಲ್ಲವಾಗಿಸುತ್ತದೆ. ಒಬ್ಬರೇ ಮಕ್ಕಳನ್ನು ಸಾಕುವ ಮನೆಯನ್ನು ‘ಒಡೆದ ಮನೆ’ ಎನ್ನುವುದು, ಮಗುವನ್ನು ‘ಉದ್ಧಾರ ಮಾಡಿದೆವು’ ಎನ್ನುವುದು, ಕಲಿಕೆಯಲ್ಲಿ ನಿಧಾನವಾಗಿರುವ ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಹಚ್ಚುವುದು ಇವೆಲ್ಲ ಕಡತದಲ್ಲಿ ಒಮ್ಮೆ ಸೇರಿದರೆ ಮುಂದೆ ಆ ಕಡತವನ್ನು ತೆರೆಯುವ ಪ್ರತಿಯೊಬ್ಬರೂ ಮಗುವನ್ನು ಆ ಕನ್ನಡಕದಿಂದಲೇ ನೋಡುತ್ತಾರೆ. ಬಳಸಬಾರದ ಪದಗಳನ್ನೂ ಅವುಗಳ ಬದಲಿಗೆ ಬಳಸಬೇಕಾದವನ್ನೂ ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕೊಡಿ.

ಕೇಳಿಸಿಕೊಳ್ಳುವುದು

‘ನಾವು ಮಕ್ಕಳ ಮಾತನ್ನು ಆಲಿಸುತ್ತೇವೆ’ ಎಂದು ಬರೆಯದ ಸಂಸ್ಥೆಯನ್ನು ನಾನು ಕಂಡಿಲ್ಲ. ಬಹಳ ಕಡೆ ಇದರ ಅರ್ಥ, ವಾರ್ಷಿಕೋತ್ಸವದಲ್ಲಿ ಚೆನ್ನಾಗಿ ಮಾತಾಡುವ ಒಂದು ಮಗುವಿಗೆ ಹಿರಿಯರು ಬರೆದುಕೊಟ್ಟ ಭಾಷಣ ಓದಿಸುವುದು ಎಂದಷ್ಟೇ ಆಗಿರುತ್ತದೆ. 1992ರಲ್ಲಿ ಯುನಿಸೆಫ್‌ಗಾಗಿ ಸಂಶೋಧಕ ರಾಜರ್ ಹಾರ್ಟ್ ಅವರು ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಮಕ್ಕಳನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು, ಕೆಳಗಿನ ಈ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಮ್ಮ ಸಂಸ್ಥೆಯ ಕಳೆದ ವರ್ಷದ ಕಾರ್ಯಕ್ರಮಗಳನ್ನು ಈ ಏಣಿಯ ಮೇಲೆ ಇಟ್ಟು ನೋಡುವುದು ಒಳ್ಳೆಯ ಅಭ್ಯಾಸ.

ಇದು ಹೊಸ ಕಾಲದ ಕಲ್ಪನೆಯೇನಲ್ಲ. ಪೋಲೆಂಡಿನ ವೈದ್ಯ ಯಾನುಷ್ ಕೊರ್ಚಾಕ್ ಅವರು 1912ರಲ್ಲಿ ವಾರ್ಸಾದಲ್ಲಿ ಆರಂಭವಾದ ತಮ್ಮ ಮಕ್ಕಳ ನಿಲಯದಲ್ಲಿ ಮಕ್ಕಳೇ ನ್ಯಾಯಾಧೀಶರಾಗಿ ಕೂರುವ ನ್ಯಾಯಾಲಯವನ್ನು ನಡೆಸಿದರು. ಅದರ ಮುಂದೆ ಹಿರಿಯರ ಮೇಲೂ ದೂರು ಕೊಡಬಹುದಿತ್ತು, ಕೊರ್ಚಾಕರೂ ಅಲ್ಲಿ ಉತ್ತರ ಹೇಳಬೇಕಾಗಿ ಬಂದಿತ್ತು. ಅದರ ನಿಯಮಗಳಲ್ಲಿ ಬಹುಪಾಲು ಕ್ಷಮೆಗೇ ಮೀಸಲಾಗಿದ್ದವು. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಸಾವಿನ ಶಿಬಿರಕ್ಕೆ ಸಾಗಿಸಿದಾಗ ಅವರು ಮಕ್ಕಳನ್ನು ಬಿಟ್ಟು ಉಳಿಯಲು ಒಪ್ಪದೆ ಜೊತೆಗೇ ಹೋದರು. ಹಿರಿಯರ ಮೇಲೆ ದೂರು ಹೇಳುವ ಅಧಿಕಾರವನ್ನು ಮಕ್ಕಳಿಗೆ ಕೊಟ್ಟವರೇ ಮಕ್ಕಳ ಜೊತೆ ಕೊನೆಯವರೆಗೂ ನಿಂತವರು ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಇದನ್ನು ದಿನದ ಕೆಲಸಕ್ಕೆ ಇಳಿಸುವಾಗ ನೆನಪಿಡಬೇಕಾದದ್ದು ಹೆಚ್ಚೇನಿಲ್ಲ. ಬದಲಾಯಿಸಲು ನಿಮಗೆ ಸಾಧ್ಯವಿರುವ ವಿಷಯದ ಬಗ್ಗೆ ಮಾತ್ರ ಮಕ್ಕಳನ್ನು ಕೇಳಿ: ಮಲಗುವ ಹೊತ್ತು, ಭೇಟಿಯ ದಿನ, ಓದುವ ಕೋಣೆಯ ನಿಯಮ, ಯಾವ ಕಾರ್ಯಕರ್ತರ ಜೊತೆ ಮಾತಾಡಲು ಇಷ್ಟ ಎಂಬುದು. ಮಾತು ಬಾರದ ಎಳೆಯರು ಚಿತ್ರದಲ್ಲಿ, ಆಟದಲ್ಲಿ ಹೇಳುತ್ತಾರೆ. ಅದನ್ನು ಓದಬಲ್ಲವರು ಜೊತೆಗಿರಬೇಕು. ಸುಮ್ಮನಿರಲು ಬಯಸುವ ಮಗುವಿಗೆ ಸುಮ್ಮನಿರುವ ಹಕ್ಕಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಹೇಳಿದ್ದಕ್ಕೆ ಎರಡು ವಾರದೊಳಗೆ ಉತ್ತರ ಕೊಡಿ. ಆಗುವುದಿಲ್ಲ ಎಂದಾದರೆ ಏಕೆ ಆಗುವುದಿಲ್ಲ ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಕೇಳಿ ಉತ್ತರ ಕೊಡದವರಿಗಿಂತ ಕೇಳದೇ ಇದ್ದವರೇ ವಾಸಿ ಎಂದು ಮಕ್ಕಳು ಬೇಗ ತೀರ್ಮಾನಿಸುತ್ತಾರೆ.

ಕುಟುಂಬಗಳಿಗೂ ಇದೇ ಅನ್ವಯಿಸುತ್ತದೆ. ನಾನು ಭಾಗವಹಿಸಿದ ಒಂದು ಸಭೆಯಲ್ಲಿ ‘ಗೌರವ’ ಎಂಬ ಮೌಲ್ಯವನ್ನು ವಿವರಿಸಲು ಅರ್ಧ ದಿನ ಕಳೆದಿದ್ದೆವು. ಮಧ್ಯಾಹ್ನ ಬಂದ ತಾಯಿಯೊಬ್ಬರು, ‘ಮನೆಗೆ ಬರುವ ಮೊದಲು ಹೇಳಿ ಬನ್ನಿ. ನೀವು ಹೇಳದೆ ಬಂದು ಅಡುಗೆಮನೆಯ ಡಬ್ಬಿಗಳನ್ನು ನೋಡುತ್ತೀರಿ, ನನಗೆ ಅವಮಾನವಾಗುತ್ತದೆ’ ಎಂದರು. ನಾವು ಬರೆದಿದ್ದ ಎರಡು ಪುಟಗಳನ್ನು ತೆಗೆದುಹಾಕಿ, ಮಗುವಿಗೆ ಅಪಾಯವಿದೆ ಎಂಬ ಸಂದೇಹವಿಲ್ಲದಿದ್ದರೆ ಮುಂಚಿತವಾಗಿ ಹೇಳದೆ ಮನೆಭೇಟಿ ಮಾಡುವುದಿಲ್ಲ ಎಂಬ ಒಂದು ವಾಕ್ಯವನ್ನು ಬರೆದೆವು. ಗೌರವದ ಬಗ್ಗೆ ನಾನು ಓದಿದ ಅತ್ಯುತ್ತಮ ವಾಕ್ಯ ಅದೇ.

ಫೋಟೋ, ಕಥೆ, ಗುಟ್ಟು

ಹಣ ಸಂಗ್ರಹಕ್ಕೆ ಮಗುವಿನ ಅಳುವ ಮುಖ ಬಹಳ ಪರಿಣಾಮಕಾರಿ, ಅದಕ್ಕಾಗಿಯೇ ಇಲ್ಲಿ ಗೆರೆ ಎಳೆಯಬೇಕು. ಫೋಟೋಗೆ ಒಪ್ಪುವುದಕ್ಕೂ ನೆರವು ಸಿಗುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಕುಟುಂಬಕ್ಕೆ ಮೊದಲೇ, ಅವರ ಮಾತಿನಲ್ಲೇ ತಿಳಿಸಬೇಕು. ನೆರವು ಪಡೆಯುವವರು ಬೇಡ ಎನ್ನಲು ಹಿಂಜರಿಯುವುದು ಸಹಜ ಎಂಬುದನ್ನು ಮರೆಯಬಾರದು. ಪೋಷಕರ ಸಹಿಯ ಜೊತೆಗೆ ಮಗುವಿನ ಒಪ್ಪಿಗೆಯೂ ಇರಬೇಕು, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಲು ಬರಬೇಕು. ಮುಖ, ನಿಜವಾದ ಹೆಸರು, ಶಾಲೆಯ ಸಮವಸ್ತ್ರ, ವಾಸಸ್ಥಳದ ಸುಳಿವು ಇವು ಒಂದೇ ಕಡೆ ಸೇರಬಾರದು. ದೌರ್ಜನ್ಯಕ್ಕೆ ಒಳಗಾದ ಮಗುವಿನ ಕಥೆಯನ್ನು ಹೆಸರು ಬದಲಿಸಿಯೂ ಪ್ರಕಟಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸುತ್ತಲಿನವರಿಗೆ ಗುರುತು ಹಿಡಿಯಲು ಹೆಸರು ಬೇಕಾಗಿಲ್ಲ. ಯಾವುದೇ ಬರಹವನ್ನು ಪ್ರಕಟಿಸುವ ಮೊದಲು, ಈ ಮಗು ಇಪ್ಪತ್ತೈದು ವರ್ಷದವಳಾಗಿ ಕೆಲಸದ ಸಂದರ್ಶನಕ್ಕೆ ಹೋದ ದಿನ ಯಾರಾದರೂ ಇದನ್ನು ಅವಳ ಮುಂದೆ ತೆರೆದಿಟ್ಟರೆ ಅವಳಿಗೆ ಹೇಗನಿಸುತ್ತದೆ ಎಂದು ಕೇಳಿಕೊಳ್ಳಿ.

ಸುರಕ್ಷತೆಯನ್ನು ನಿಯಮವಾಗಿಯೇ ಬರೆಯಿರಿ

ಉಳಿದ ಮೌಲ್ಯಗಳಲ್ಲಿ ತೂಗಿ ನೋಡುವ ಅವಕಾಶವಿದೆ, ಇದರಲ್ಲಿ ಇಲ್ಲ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರ ಹಿನ್ನೆಲೆಯನ್ನೂ ಪರಿಶೀಲಿಸಬೇಕು, ಹಿಂದಿನ ಕಡೆ ಕೆಲಸ ಮಾಡಿಸಿದವರನ್ನು ನೇರವಾಗಿ ಮಾತಾಡಿಸಬೇಕು. ಇದರಲ್ಲಿ ವಾರಾಂತ್ಯಕ್ಕೆ ಮಾತ್ರ ಬರುವ ಸ್ವಯಂಸೇವಕರೂ ಸೇರಿದ್ದಾರೆ. ಹೊರಗಿನವರಿಗೆ ಕಾಣದ ಮುಚ್ಚಿದ ಕೋಣೆಯಲ್ಲಿ ಯಾವ ಹಿರಿಯರೂ ಮಗುವಿನ ಜೊತೆ ಒಬ್ಬರೇ ಇರಬಾರದು. ಆಪ್ತಸಮಾಲೋಚನೆಗೆ ಏಕಾಂತ ಬೇಕು ನಿಜ, ಅದಕ್ಕೆ ಗಾಜಿನ ಕಿಂಡಿಯಿರುವ ಬಾಗಿಲು ಸಾಕು: ಮಾತು ಕೇಳಿಸುವುದಿಲ್ಲ, ಒಳಗಿರುವವರು ಕಾಣುತ್ತಾರೆ. ದೂರು ಸ್ವೀಕರಿಸುವವರಲ್ಲಿ ಒಬ್ಬರಾದರೂ ಸಂಸ್ಥೆಯ ಸಂಬಳ ಪಡೆಯದವರಿರಬೇಕು. ಸ್ಥಾಪಕರು, ಅಧ್ಯಕ್ಷರು, ದೊಡ್ಡ ದಾನಿಗಳು ಯಾರಿಗೂ ಇದರಿಂದ ವಿನಾಯಿತಿ ಇಲ್ಲವೆಂದು ಹುದ್ದೆಗಳ ಹೆಸರು ಹಾಕಿ ಬರೆಯಿರಿ, ಏಕೆಂದರೆ ನಿಯಮ ಸಡಿಲವಾಗುವುದು ಯಾವಾಗಲೂ ಗೌರವಾನ್ವಿತರ ವಿಷಯದಲ್ಲಿಯೇ.

ಈಗ ಆ ಹನ್ನೆರಡು ವರ್ಷದ ಹುಡುಗಿಯ ಬಳಿಗೆ ಬರೋಣ. ಕಾರ್ಯಕರ್ತೆ ಮಾಡಬಾರದ ಮೊದಲ ಕೆಲಸವೆಂದರೆ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುವುದು. ಅವಳು ಹೇಳಬೇಕಾದದ್ದು ಇಷ್ಟು: ‘ನೀನು ನನ್ನ ಬಳಿ ಬಂದದ್ದು ಒಳ್ಳೆಯದಾಯಿತು. ನೀನು ಹೇಳುವುದನ್ನು ಎಲ್ಲರಿಗೂ ಹೇಳುವುದಿಲ್ಲ. ಆದರೆ ನಿನಗೆ ಅಪಾಯವಿದೆ ಎಂದು ನನಗೆ ಅನಿಸಿದರೆ ನಿನ್ನನ್ನು ಕಾಪಾಡಬಲ್ಲವರಿಗೆ ಹೇಳಬೇಕಾಗುತ್ತದೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ.’ ಆಮೇಲೆ ಕೇಳಿಸಿಕೊಳ್ಳಬೇಕು. ಅವನು ಹೀಗೆ ಮಾಡಿದನೇ, ಹಾಗೆ ಮಾಡಿದನೇ ಎಂದು ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳಬಾರದು, ಒಂದೇ ಸಂಗತಿಯನ್ನು ನಾಲ್ವರು ನಾಲ್ಕು ಬಾರಿ ಹೇಳಿಸಬಾರದು. ಮಗು ಬಳಸಿದ ಪದಗಳನ್ನೇ, ದಿನ ಮತ್ತು ಹೊತ್ತಿನ ಜೊತೆ, ಅಂದೇ ಬರೆದಿಡಬೇಕು. ತನಿಖೆ ಸಂಸ್ಥೆಯ ಕೆಲಸವಲ್ಲ; ನಿಮ್ಮ ದೇಶದ ಕಾನೂನು ಯಾರಿಗೆ ತಿಳಿಸಬೇಕೆಂದು ಹೇಳುತ್ತದೆಯೋ ಅವರಿಗೆ ಅಂದೇ ತಿಳಿಸಬೇಕು. ಸಂಸ್ಥೆಯ ಹೆಸರು ಕೆಡುತ್ತದೆ ಎಂಬ ಅಂಜಿಕೆ ಈ ಹೊತ್ತಿನಲ್ಲಿ ತಲೆಯೆತ್ತುತ್ತದೆ. ಹಾಗಾಗಿ ಮೌಲ್ಯಗಳ ಪತ್ರದಲ್ಲಿಯೇ ‘ಸಂಸ್ಥೆಯ ಹೆಸರಿಗಿಂತ ಮಗುವಿನ ಸುರಕ್ಷತೆ ಮೊದಲು’ ಎಂದು ಬರೆದು, ಅದರ ಕೆಳಗೆ ಆಡಳಿತ ಮಂಡಳಿಯ ಪ್ರತಿಯೊಬ್ಬ ಸದಸ್ಯರೂ ಸಹಿ ಹಾಕಲಿ.

ಹಣ ಮತ್ತು ಜನ

ಮೌಲ್ಯಗಳ ಪತ್ರದ ಪಕ್ಕದಲ್ಲಿ ಈ ವರ್ಷದ ಆಯವ್ಯಯವನ್ನಿಟ್ಟು ನೋಡಿ. ಕುಟುಂಬವೇ ಮೊದಲು ಎಂದು ಬರೆದ ಸಂಸ್ಥೆ ಕಟ್ಟಡಕ್ಕೆ ಎಷ್ಟು, ಮನೆಗಳಿಗೆ ಎಷ್ಟು ಖರ್ಚು ಮಾಡುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ಯಾವ ಷರತ್ತಿನ ಹಣವನ್ನು ಒಪ್ಪುವುದಿಲ್ಲ ಎಂಬುದನ್ನು ಹಣದ ಅಗತ್ಯ ತೀವ್ರವಾಗುವ ಮೊದಲೇ ಬರೆದಿಡಬೇಕು. ದಾನಿಗೆ ಮಗುವಿನ ವಿಳಾಸ ಕೊಡಬೇಕೆನ್ನುವ, ಒಂದು ಜಾತಿ ಅಥವಾ ಧರ್ಮದ ಮಕ್ಕಳನ್ನು ಬಿಡಬೇಕೆನ್ನುವ, ನೆರವಿನ ಬದಲಿಗೆ ನಂಬಿಕೆ ಬದಲಿಸಬೇಕೆನ್ನುವ ಷರತ್ತುಗಳು ಈ ಪಟ್ಟಿಯಲ್ಲಿ ಬರಬೇಕು.

ಕಾರ್ಯಕರ್ತರನ್ನು ಆರಿಸುವಾಗ ‘ನಿಮ್ಮ ಮೌಲ್ಯಗಳೇನು’ ಎಂದು ಕೇಳಬೇಡಿ. ಮೊದಲು ಸಂಗ್ರಹಿಸಿದ ಪ್ರಕರಣಗಳಲ್ಲಿ ಒಂದನ್ನು ಕೊಟ್ಟು ನೀವಾದರೆ ಏನು ಮಾಡುತ್ತೀರಿ ಎಂದು ಕೇಳಿ, ಸರಿಯುತ್ತರಕ್ಕಿಂತ ಅವರು ಯಾರ ಕಡೆಯಿಂದ ಯೋಚಿಸಲು ಆರಂಭಿಸುತ್ತಾರೆ ಎಂಬುದನ್ನು ಗಮನಿಸಿ. ಸೇರಿದ ಮೇಲೆ ಅವರನ್ನು ನೋಡಿಕೊಳ್ಳುವುದೂ ಮೌಲ್ಯದ ಭಾಗವೇ. ಒಬ್ಬರ ಕೈಯಲ್ಲಿ ಎಷ್ಟು ಕುಟುಂಬಗಳಿರಬಹುದು ಎಂಬುದಕ್ಕೆ ಮಿತಿ, ಭಾರವಾದ ಪ್ರಕರಣದ ನಂತರ ಮಾತಾಡಿ ಹಗುರಾಗಲು ಒಬ್ಬ ಹಿರಿಯ ಸಹೋದ್ಯೋಗಿ, ತಪ್ಪದೆ ಸಿಗುವ ರಜೆ, ಹೊತ್ತಿಗೆ ಸರಿಯಾಗಿ ಸಂಬಳ ಇವಿಷ್ಟಾದರೂ ಇರಬೇಕು. ವರ್ಷಕ್ಕೆ ಮೂವರು ಕಾರ್ಯಕರ್ತರು ಬದಲಾದರೆ ಅದರ ಬೆಲೆ ತೆರುವುದು ಮತ್ತೆ ಮತ್ತೆ ಹೊಸಬರನ್ನು ನಂಬಬೇಕಾದ ಮಗು.

ಬಳಕೆ ಮತ್ತು ಮರುಪರಿಶೀಲನೆ

ಮೌಲ್ಯಗಳು ಆರು ಏಳಕ್ಕಿಂತ ಹೆಚ್ಚಾಗದಿರಲಿ. ಹನ್ನೆರಡಿದ್ದರೆ ಯಾರಿಗೂ ನೆನಪಿರುವುದಿಲ್ಲ. ತಿಂಗಳ ಸಭೆಯಲ್ಲಿ ಒಂದು ನಡೆಯುತ್ತಿರುವ ಪ್ರಕರಣವನ್ನು ತೆಗೆದುಕೊಂಡು, ಪತ್ರದಲ್ಲಿರುವ ಯಾವ ವಾಕ್ಯ ಇಲ್ಲಿ ದಾರಿ ತೋರಿಸುತ್ತದೆ ಎಂದು ಚರ್ಚಿಸಿ. ಯಾವ ವಾಕ್ಯವೂ ತೋರಿಸದಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ, ಮುಂದಿನ ಪರಿಷ್ಕರಣೆಗೆ ಅದು ಬೇಕಾಗುತ್ತದೆ. ನಾವೇ ಬರೆದ ಮೌಲ್ಯವನ್ನು ನಾವೇ ಮೀರಿದ ಸಂದರ್ಭಗಳಿಗೆ ಪ್ರತ್ಯೇಕ ಪುಸ್ತಕವೊಂದನ್ನು ಇಡಿ: ಏನಾಯಿತು, ಏಕಾಯಿತು, ಮಗುವಿಗೂ ಕುಟುಂಬಕ್ಕೂ ಏನು ಹೇಳಿದೆವು, ಏನನ್ನು ಸರಿಪಡಿಸಿದೆವು. ಈ ಪುಸ್ತಕ ಖಾಲಿಯಾಗಿದ್ದರೆ ಮಂಡಳಿ ಸಮಾಧಾನಪಡದೆ ಕಾರಣ ಕೇಳಬೇಕು.

ವರ್ಷಕ್ಕೊಮ್ಮೆ ಪರಿಷ್ಕರಿಸುವಾಗ ಇಡೀ ಪತ್ರವನ್ನು ಸಂಸ್ಥೆಯ ಜೊತೆಗಿರುವ ನಾಲ್ಕೈದು ತಂದೆತಾಯಂದಿರ ಮುಂದೆ, ಬೇರೆ ದಿನ ಹದಿಹರೆಯದ ನಾಲ್ಕೈದು ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಅರ್ಥವಾಗಲಿಲ್ಲ ಎಂದು ಅವರು ಹೇಳಿದ ವಾಕ್ಯವನ್ನು ಬಿಡಿಸಿ ಬರೆಯಿರಿ. ಇದು ನಿಜವಲ್ಲ, ಇಲ್ಲಿ ಹೀಗೆ ನಡೆಯುವುದಿಲ್ಲ ಎಂದು ಹೇಳಿದ ವಾಕ್ಯವನ್ನು ಅಳಿಸಬೇಡಿ, ಅದರ ಪಕ್ಕದಲ್ಲಿ ಅದನ್ನು ನಿಜವಾಗಿಸಲು ಯಾರು, ಯಾವ ತಿಂಗಳೊಳಗೆ ಏನು ಮಾಡುತ್ತಾರೆ ಎಂದು ಬರೆಯಿರಿ. ಪತ್ರದ ಮೇಲ್ಭಾಗದಲ್ಲಿ ಪರಿಷ್ಕರಿಸಿದ ದಿನಾಂಕವನ್ನೂ ಮುಂದಿನ ಓದಿನ ದಿನಾಂಕವನ್ನೂ ಹಾಕಿ, ಒಂದು ಪ್ರತಿಯನ್ನು ಅಂದು ಬಂದ ಪ್ರತಿ ಕುಟುಂಬಕ್ಕೂ ಕೊಟ್ಟು ಕಳುಹಿಸಿ.